ಕಾಗದದ ತಲೆ ಯಾವ ಕಡೆಗೆ

ಕೊಪ್ಪಳದಲ್ಲಿ ಹೊಸ ಸರ್ವೇಯರುಗಳಿಗೆ ತರಬೇತಿ ನಡೆದಾಗ ನಿವೃತ್ತನಾದ ನನ್ನನ್ನೂ ಒಂದು ಗಂಟೆ ಮಾತಾಡಲು ಕರೆದಿದ್ದರು. ಬಡ್ತಿ, ವರ್ಗಾವಣೆಗಳ ಕತೆ ಯಾರಿಗೂ ಬೇಡ, ತಪ್ಪುಗಳ ಕತೆ ಹೇಳುತ್ತೇನೆ ಎಂದು ಶುರು ಮಾಡಿದೆ. ನಾಲ್ಕೈದು ಹೇಳಿದೆ, ಹುಡುಗರು ನಕ್ಕರು. ಕೊನೆಯದೊಂದನ್ನು ಮಾತ್ರ 'ನನ್ನ ಸಹೋದ್ಯೋಗಿಯೊಬ್ಬರು ಮಾಡಿದ್ದು' ಎಂದು ಹೇಳಿದೆ. ಅದಕ್ಕೆ ಯಾರೂ ನಗಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಯಲಬುರ್ಗಾ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು.

"ಸರ್, ಆ ಹೆಣ್ಮಗಳಿಗೆ ಆಮ್ಯಾಲ ಯಾರರೆ ಹೋಗಿ ಹೇಳಿದ್ರೇನ್ರಿ?"

"ಇಲ್ಲ" ಎಂದೆ.

"ಯಾಕ್ರಿ?"

ಗಡಿಯಾರ ನೋಡಿದೆ. ಸಮಯವಾಯಿತು ಎಂದೆ. ಚಹಾ ಬಂತು.

ಆ ಸಹೋದ್ಯೋಗಿ ನಾನೇ. ಇದನ್ನು ಬರೆಯುತ್ತಿರುವುದು ಆ ಹುಡುಗಿಗಾಗಿ, ಮತ್ತು ಅವಳಂತೆ ಈಗ ಈ ಕೆಲಸಕ್ಕೆ ಸೇರುತ್ತಿರುವವರಿಗಾಗಿ. ಒಂದು ಎಚ್ಚರಿಕೆ ಮೊದಲೇ ಹೇಳಬೇಕು. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಒಂದೇ ಘಟನೆಯನ್ನು ಹತ್ತು ಸಲ ಹೇಳಿದರೆ ಹನ್ನೊಂದನೆಯ ಸಲ ನೆನಪಾಗುವುದು ಘಟನೆಯಲ್ಲ, ಹತ್ತನೆಯ ಸಲ ಹೇಳಿದ ಮಾತು. ಎಲ್ಲಿ ಗಟ್ಟಿಯಾಗಿ ಗೊತ್ತಿಲ್ಲವೋ ಅಲ್ಲಿ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ನಾನು ಧಾರವಾಡದಲ್ಲಿ ಭೂಗೋಳದಲ್ಲಿ ಎಂ.ಎ. ಓದಿದವನು. ಅಲ್ಲಿ ನಮ್ಮ ಮೇಷ್ಟ್ರೊಬ್ಬರು ಪ್ರಪಂಚದ ನಕ್ಷೆಯನ್ನು ಗೋಡೆಗೆ ತಲೆಕೆಳಗಾಗಿ ನೇತುಹಾಕಿ, "ಇದರಲ್ಲಿ ತಪ್ಪೇನು, ಹೇಳಿ" ಎಂದು ಕೇಳುತ್ತಿದ್ದರು. ತಪ್ಪೇನೂ ಇರಲಿಲ್ಲ. ಉತ್ತರ ಮೇಲಿರಬೇಕೆಂದು ಭೂಮಿ ಎಲ್ಲೂ ಹೇಳಿಲ್ಲ, ನಕ್ಷೆ ಬರೆದವರು ಹಾಗೆ ರೂಢಿ ಮಾಡಿದರು ಅಷ್ಟೆ. ಆ ಪಾಠ ನನ್ನನ್ನು ಹಿಡಿದುಬಿಟ್ಟಿತು. ಎದುರಿಗೆ ಯಾವ ನಕ್ಷೆ ಬಂದರೂ ಇದನ್ನು ಯಾರು ಬರೆದರು, ಎಲ್ಲಿ ಕೂತು ಬರೆದರು ಎಂದು ಕೇಳುವ ಚಾಳಿ ಬೆಳೆಯಿತು. ಸರ್ವೇಯರ್ ನೌಕರಿಗೆ ಸೇರಿದಾಗ ಈ ಚಾಳಿಯೇ ನನ್ನ ದೊಡ್ಡ ಬಂಡವಾಳ ಎಂದುಕೊಂಡಿದ್ದೆ.

1997ರಲ್ಲಿ ಕೊಪ್ಪಳ ಹೊಸ ಜಿಲ್ಲೆಯಾದಾಗ ನಮ್ಮ ಕಚೇರಿಯ ಗೋಡೆಯ ಮೇಲಿದ್ದ ರಾಯಚೂರು ಜಿಲ್ಲೆಯ ನಕ್ಷೆಯನ್ನು ಇಳಿಸಿದರು. ಅದರಲ್ಲಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಎಡಗಡೆಯ ಅಂಚಿಗೆ ಒತ್ತಿಕೊಂಡಿದ್ದವು. ಕಡತಗಳಲ್ಲಿ ನಾವು 'ಪಶ್ಚಿಮದ ತಾಲೂಕುಗಳು'. ಹೊಸ ನಕ್ಷೆ ಬಂದಾಗ ನಾಲ್ಕೇ ತಾಲೂಕು ಇಡೀ ಕಾಗದ ತುಂಬಿಕೊಂಡಿದ್ದವು. ಗಂಗಾವತಿ ಬಲಗಡೆಗೆ ಹೋಗಿ ಪೂರ್ವದ ತಾಲೂಕಾಯಿತು. ಗಂಗಾವತಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಗುಮಾಸ್ತರೊಬ್ಬರು ಗೋಡೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಏನ್ರೀಪಾ ಇದು! ನಿನ್ನಿ ತನಕ ಪಡವಲದಾಗ ಇದ್ದೆ, ರಾತ್ರಿ ಮಲಗಿ ಏಳೋದರಾಗ ಮೂಡಲಕ್ಕ ಬಂದೀನಿ. ಸಾಹೇಬ್ರ, ವರ್ಗಾವಣಿ ಭತ್ಯೆ ಬರತೈತೇನ್ರಿ?"

ಎಲ್ಲರೂ ನಕ್ಕರು. ನಮ್ಮ ಸೂಪರಿಂಟೆಂಡೆಂಟ್ ಕುಲಕರ್ಣಿ ಸಾಹೇಬರು ಮಾತ್ರ ನಗಲಿಲ್ಲ. ಅವರು ನೋಡುತ್ತಿದ್ದುದು ಮೂಲೆಯಲ್ಲಿದ್ದ ಉತ್ತರ ದಿಕ್ಕಿನ ಬಾಣವನ್ನು. ಬಾಣ ಸರಿಯಾಗಿ ಮೇಲಕ್ಕಿತ್ತು. ಸಮಾಧಾನವಾಗಿ ಕುರ್ಚಿಗೆ ಹೋದರು. "ಉತ್ತರ ಬಾಣ ಇಲ್ಲದ ನಕ್ಷಾ ಅಂದ್ರ ರುಂಡ ಇಲ್ಲದ ಮುಂಡ" ಎನ್ನುವುದು ಅವರ ಮಾತು. ಬಾಣವಿಲ್ಲದ ಕಾಗದ ಮೇಜಿಗೆ ಬಂದರೆ ಓದದೆ ವಾಪಸು ತಳ್ಳುತ್ತಿದ್ದರು. ನಾನು ಒಳಗೊಳಗೇ ನಗುತ್ತಿದ್ದೆ. ರೂಢಿಯನ್ನು ಸತ್ಯ ಎಂದುಕೊಂಡ ಮನುಷ್ಯ ಎಂದು ಅವರ ಬಗ್ಗೆ ಗೆಳೆಯರ ಹತ್ತಿರ ಹೇಳಿಯೂ ಇದ್ದೆ. ಅವರ ಹಾದಿಯಲ್ಲೇ ಹೋಗಿದ್ದರೆ ನನ್ನ ತಪ್ಪು ಎಷ್ಟೋ ಸಣ್ಣದಾಗುತ್ತಿತ್ತು. ಅದು ಹೇಗೆಂಬುದು ಮುಂದೆ ಬರುತ್ತದೆ.

ಹೊಲದಲ್ಲಿ ನನ್ನ ಗುರು ಯಮನೂರಪ್ಪ. ಬಾಂದು ಜವಾನ, ಅಂದರೆ ಸರಪಳಿ ಹಿಡಿಯುವ, ಗಡಿಯ ಕಲ್ಲು ಹುಡುಕುವ, ನೆಡುವ ಕೆಲಸದವನು. ಆಗ ಅಳತೆ ಎಂದರೆ ಸರಪಳಿಯೇ. ಯಂತ್ರ ಬಂದದ್ದು ಆಮೇಲೆ, ಈಗ ನೀವು ಉಪಗ್ರಹಕ್ಕೆ ಕಿವಿಗೊಡುವ ಕೋಲು ಹಿಡಿದು ನಿಂತರೆ ಸಾಕು. ಯಮನೂರಪ್ಪ ಹೊಲಕ್ಕೆ ಕಾಲಿಟ್ಟ ಕೂಡಲೇ ಮೂಡಲಕ್ಕೆ ಮುಖ ಮಾಡಿ ನಿಲ್ಲುತ್ತಿದ್ದ. ನಕ್ಷೆಯ ಪೂರ್ವದ ಅಂಚನ್ನು ತನ್ನ ಮುಂದಕ್ಕೆ ಮಾಡಿ ನೆಲದ ಮೇಲೆ ಹಾಸುತ್ತಿದ್ದ. ಅಕ್ಷರಗಳೆಲ್ಲ ಅಡ್ಡ ಮಲಗುತ್ತಿದ್ದವು. ನಾನು ಉತ್ತರವನ್ನು ಮುಂದೆ ಮಾಡಿ ಹಾಸಿದರೆ ಅವನಿಗೆ ತಡೆಯಲಾಗುತ್ತಿರಲಿಲ್ಲ.

"ಸಾಹೇಬ್ರ, ಉತ್ತರಕ್ಕ ತಲಿ ಹಾಕಿ ಯಾರರೆ ಮಲಗತಾರೇನ್ರಿ? ಹೊಲಾನ ಯಾಕ ಹಂಗ ಮಲಗಸ್ತೀರಿ, ಪಾಪ?"

ತಮಾಷೆಯಂತೆ ಹೇಳಿದರೂ ಅವನ ಮಾತಿನಲ್ಲಿ ಹುರುಳಿತ್ತು. ನಮ್ಮ ಖರೀದಿ ಪತ್ರಗಳಲ್ಲಿ ಹೊಲದ ನಾಲ್ಕು ಕಡೆಯ ಗಡಿ ಬರೆಯುವಾಗ ಮೊದಲು ಬರುವುದು ಪೂರ್ವವೇ. ಇಲ್ಲಿಯ ಜನರಿಗೆ ಮುಂದು ಎಂದರೆ ಮೂಡಲ. ಹೀಗೆಂದು ನಾನು ಒಂದು ಸಿದ್ಧಾಂತ ಕಟ್ಟಿಕೊಂಡೆ. ಕಚೇರಿಯ ನಕ್ಷೆಗೆ ತಲೆ ಉತ್ತರ, ಹಳ್ಳಿಯ ನಕ್ಷೆಗೆ ತಲೆ ಪೂರ್ವ. ಚೆಂದದ ಸಿದ್ಧಾಂತ. ಆದರೆ ಹಳ್ಳಿ ಎಂದರೆ ಯಮನೂರಪ್ಪ ಒಬ್ಬನೇ ಎಂದು ಯಾವಾಗ ತೀರ್ಮಾನಿಸಿದೆನೋ ನೆನಪಿಲ್ಲ.

ಸಿದ್ಧಾಂತಕ್ಕೆ ಮೊದಲ ಏಟು ಗಂಗಾವತಿ ತಾಲೂಕಿನ ಶ್ರೀರಾಮನಗರದಲ್ಲೇ ಬಿದ್ದಿತ್ತು. ಕಾಲುವೆಯ ನೀರಿನ ಭತ್ತದ ಗದ್ದೆ, ಆಂಧ್ರದ ಕಡೆಯಿಂದ ಬಂದು ನೆಲೆಸಿದ ರೈತರು. ಗದ್ದೆಯ ಮಾಲೀಕ, "ಮೇಲಿನ ಗದ್ದಿಯವರಿಗೆ ನೋಟಿಸು ಕೊಡಬೇಕ್ರಿ, ತಕರಾರು ಅವರದೇ" ಎಂದ. ನಾನು ಕಾಗದದಲ್ಲಿ ಮೇಲಿದ್ದ ಉತ್ತರದ ಗದ್ದೆಯವನಿಗೆ ನೋಟಿಸು ಕೊಟ್ಟು ಬಂದೆ. ಅಳತೆಯ ದಿನ ಬಂದದ್ದು ತಕರಾರಿಗೆ ಸಂಬಂಧವೇ ಇಲ್ಲದ ಒಬ್ಬ ಮುದುಕ. "ನನ್ನನ್ನ ಯಾಕ ಕರದ್ರಿ ಬಾಬು?" ಎಂದು ಬದುವಿನ ಮೇಲೆ ಕೂತು ಬೀಡಿ ಹಚ್ಚಿದ. ಅಲ್ಲಿ ಮೇಲು ಎಂದರೆ ನೀರು ಬರುವ ಕಡೆ, ಕೆಳಗೆ ಎಂದರೆ ನೀರು ಹೋಗುವ ಕಡೆ. ಅಲ್ಲಿಯ ದಿಕ್ಕುಗಳನ್ನು ಇಟ್ಟಿದ್ದು ಕಾಲುವೆ, ಸೂರ್ಯನಲ್ಲ. ನಗುನಗುತ್ತ ಇನ್ನೊಂದು ನೋಟಿಸು ಬರೆದೆ. ಆ ದಿನ ನಕ್ಕು ಬಿಟ್ಟಿದ್ದೇ ತಪ್ಪಾಯಿತು. ಒಂದೇ ತಾಲೂಕಿನಲ್ಲಿ ಎರಡು ಮೇಲುಗಳಿದ್ದರೆ ಮೂರನೆಯದೂ ಇರಬಹುದು ಎಂದು ಯೋಚಿಸಬೇಕಿತ್ತು.

ಆ ಮೂರನೆಯದನ್ನು ಯಮನೂರಪ್ಪ ಒಂದು ದಿನ ನನ್ನ ಕೈಗೇ ಕೊಟ್ಟಿದ್ದ. ಹೇಮಗುಡ್ಡದ ಹತ್ತಿರ ಅಳತೆ ಮುಗಿಸಿ ಹೋಟೆಲಿನಲ್ಲಿ ಕೂತಿದ್ದೆವು. ಅವನು ಪತ್ರಿಕೆಯ ದಪ್ಪ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದುತ್ತಿದ್ದ.

"ಮಧ್ಯಪ್ರಾಚ್ಯ ಅಂದ್ರ ಏನ್ರಿ?"

"ನಡುವಿನ ಮೂಡಲ ದೇಶಗಳು. ಅರಬ್ಬರ ನಾಡು."

"ಮಕ್ಕಾ ಇರೋದು ಅಲ್ಲೇ ಅಲ್ರಿ?"

"ಹೌದು."

"ಮತ್ತ ನಮ್ಮೂರ ಸಾಬ್ರು ಮಕ್ಕಾ ಐತಿ ಅಂತ ದಿನಕ್ಕ ಐದ ಸಲ ಪಡವಲಕ್ಕ ಮುಖ ಮಾಡಿ ನಿಂದರತಾರ. ಪೇಪರ್‌ನಾಗ ಮೂಡಲ ಅಂತ ಬರದಾರ. ಯಾರದು ಖರೆ?"

ನನಗೆ ಹಬ್ಬವಾಯಿತು. ಯುರೋಪಿನಲ್ಲಿ ಕೂತು ನೋಡಿದವರಿಗೆ ಅರಬ್ಬರ ನಾಡು ಮೂಡಲಕ್ಕಿತ್ತು, ಹೆಸರನ್ನು ಇಟ್ಟವರು ಅವರು, ನಾವು ಅದನ್ನೇ ಕನ್ನಡಕ್ಕೆ ತಂದುಕೊಂಡು ನಮ್ಮ ಪಡವಲವನ್ನು ನಾವೇ ಮೂಡಲ ಎಂದು ಓದುತ್ತಿದ್ದೇವೆ ಎಂದು ಅರ್ಧ ಗಂಟೆ ವಿವರಿಸಿದೆ. ಯಮನೂರಪ್ಪ ಚಹಾ ಕುಡಿದು, "ಹಂಗಾದ್ರ ಸಾಬ್ರದು ಖರೆ ಅನ್ರಿ. ಅಷ್ಟಕ್ಕ ಇಷ್ಟೊತ್ತು ಬೇಕಾತೇನು?" ಎಂದ.

ಇದು ನಡೆದದ್ದು ಮುಂದಿನ ಪ್ರಕರಣಕ್ಕೆ ಮೊದಲೋ ಆಮೇಲೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಆಮೇಲೆ ನಡೆದಿದ್ದರೆ ನನ್ನ ತಪ್ಪು ಕಡಿಮೆ. ಆದರೆ ಮೊದಲೇ ಎಂದು ಕಾಣುತ್ತದೆ. ಆ ಹೋಟೆಲನ್ನು ರಸ್ತೆಗಾಗಿ ಕೆಡವಿದ್ದು ನಾನು ಆ ಪ್ರಕರಣಕ್ಕೆ ಹೋಗುವ ಮೊದಲು.

ಪ್ರಕರಣ ಹುಲಿಹೈದರದ ಆಚೆಯ ಒಂದು ಸಣ್ಣ ಊರಿನದು. ಊರಿನ ಹೆಸರು ಬರೆಯುವುದಿಲ್ಲ. ಇಮಾಮಸಾಬ ಎಂಬ ರೈತರು ತೀರಿಕೊಂಡಿದ್ದರು. ಅವರಿಗೆ ಇಬ್ಬರೇ ಮಕ್ಕಳು. ಹಿರಿಯಳು ಖಾಸಿಂಬಿ, ಗಂಡ ಸತ್ತು ತವರಿಗೆ ಮರಳಿ ಬಂದವಳು, ಮಕ್ಕಳಿಲ್ಲ. ಕಿರಿಯವನು ರಾಜಾಸಾಬ, ಕನಕಗಿರಿಯಲ್ಲಿ ತಂದೆಯೇ ಹಾಕಿಕೊಟ್ಟ ಸೈಕಲ್ ಅಂಗಡಿ ನಡೆಸುತ್ತಿದ್ದ. ಇದ್ದದ್ದು ಹೆಚ್ಚುಕಡಿಮೆ ಚೌಕವಾದ ಒಂದು ಹೊಲ. ಅದರ ಪಡವಲದ ಅರ್ಧ ಕಪ್ಪು ಎರೆಮಣ್ಣು, ಮೂಡಲದ ಅರ್ಧ ಗರಸು, ಬರೀ ಕಲ್ಲು. ಇಮಾಮಸಾಬರು ಸಾಯುವ ಮೊದಲು ಒಂದು ಕಾಗದದಲ್ಲಿ ವಾಟ್ನಿ, ಅಂದರೆ ಪಾಲು, ಬರೆದಿಟ್ಟಿದ್ದರು. ಅಕ್ಕ ತಮ್ಮ ಇಬ್ಬರೂ ಆ ಕಾಗದದಂತೆ ನಡೆಯಲು ಒಪ್ಪಿದ್ದರು. ಜಗಳವಿರಲಿಲ್ಲ. ನನ್ನ ಕೆಲಸ ಕಾಗದ ಓದಿ ನಡುವೆ ಕಲ್ಲು ನೆಡಿಸುವುದು.

ಕಾಗದದಲ್ಲಿ ಒಂದು ಚೌಕ. ಚೌಕದ ನಡುವೆ ಅಡ್ಡಗೆರೆ. ಗೆರೆಯ ಮೇಲೆ ಒಂದು ಹೆಸರು, ಕೆಳಗೆ ಒಂದು ಹೆಸರು, ಎರಡೂ ಉರ್ದುವಿನಲ್ಲಿ. ಅವರು ನಿಜಾಮರ ಕಾಲದ ಶಾಲೆಯಲ್ಲಿ ಕಲಿತವರು. ಚೌಕದ ನೆತ್ತಿಯ ಮೇಲೆ, ಹೊರಗಡೆ, ಅರ್ಧ ವೃತ್ತದಂಥ ಒಂದು ಗೆರೆ. ದಿಕ್ಕಿನ ಹೆಸರಿಲ್ಲ, ಬಾಣವಿಲ್ಲ. ಕಾಗದ ಶಾಲೆಯ ನೋಟುಬುಕ್ಕಿನದು ಎಂದು ನನ್ನ ನೆನಪು, ಆದರೆ ಬಣ್ಣ ಕೇಳಿದರೆ ಹೇಳಲಾರೆ.

ರಾಜಾಸಾಬ ಓದಿದ. "ಮ್ಯಾಲೆ ಆಪಾನ ಹೆಸರೈತ್ರಿ, ಕೆಳಗ ನಂದು." ಆಪಾ ಎಂದರೆ ಅಕ್ಕ.

ಮೇಲೆ ಎಂದರೆ ಯಾವ ಕಡೆ? ಊರಿನ ನಾಲ್ಕೈದು ಮಂದಿ ಹಿರಿಯರು ಸುತ್ತ ನಿಂತಿದ್ದರು. ಎಲ್ಲರೂ ನನ್ನ ಮುಖ ನೋಡಿದರು. ಕುಲಕರ್ಣಿ ಸಾಹೇಬರಾಗಿದ್ದರೆ ಮೇಲೆ ಎಂದರೆ ಉತ್ತರ ಎಂದುಬಿಡುತ್ತಿದ್ದರು. ಹಾಗೆ ಹಂಚಿದ್ದರೆ ಅಕ್ಕನಿಗೆ ಉತ್ತರದ ಅರ್ಧ, ತಮ್ಮನಿಗೆ ದಕ್ಷಿಣದ ಅರ್ಧ, ಇಬ್ಬರಿಗೂ ಸ್ವಲ್ಪ ಎರೆ, ಸ್ವಲ್ಪ ಕಲ್ಲು ಬರುತ್ತಿತ್ತು. ಆದರೆ ನಾನು ಜಾಣ. ಹಳ್ಳಿಯ ಮುದುಕನ ಕಾಗದಕ್ಕೆ ಕಚೇರಿಯ ರೂಢಿ ಹಚ್ಚಬಾರದು ಎಂದು ಕಲಿತವನು. ಅರ್ಧ ವೃತ್ತದ ಮೇಲೆ ಬೆರಳಿಟ್ಟೆ.

"ಇದು ಹುಟ್ಟುವ ಸೂರ್ಯ. ಮೇಲೆ ಅಂದರೆ ಮೂಡಲ. ಖಾಸಿಂಬಿಯವರಿಗೆ ಮೂಡಲದ ಅರ್ಧ, ರಾಜಾಸಾಬರಿಗೆ ಪಡವಲದ ಅರ್ಧ."

ಜನ ಗೋಣು ಹಾಕಿದರು. "ಹೌದು ನೋಡ್ರಿ, ಸೂರ್ಯನ" ಎಂದರು. ಇನ್ನೊಬ್ಬರು, "ಎರಿ ಹೊಲ ಗಂಡಮಗಗ ಬಂತು, ಸರಿ ಐತಿ" ಎಂದರು. ಅಂಗಡಿ ಹಾಕಿಕೊಟ್ಟ ಮಗನಿಗೆ ಎರೆಯನ್ನೂ ಕೊಟ್ಟು, ಯಾರೂ ಇಲ್ಲದ ಮಗಳಿಗೆ ಕಲ್ಲು ಕೊಡುವ ತಂದೆ ಎಂಥವನು ಎಂದು ನನಗಾಗಲಿ ಬೇರೆ ಯಾರಿಗಾಗಲಿ ಅನ್ನಿಸಲಿಲ್ಲ.

ಇಲ್ಲಿ ಯಮನೂರಪ್ಪ ನನ್ನ ಕಿವಿಯ ಹತ್ತಿರ ಬಂದು, "ಸಾಹೇಬ್ರ, ಸಾಬ್ರ ಮನಿ ಕಾಗದ ಐತಿ. ಅವರ ಹಿರೇರನ್ನ ಒಬ್ಬರನ್ನ ಕೇಳಿದ್ರ ಹೆಂಗ?" ಎಂದ. ನಾನು, "ಸೂರ್ಯ ಎಲ್ಲರಿಗೂ ಒಬ್ಬನೇ, ಯಮನೂರಪ್ಪ" ಎಂದೆ. ಹೀಗೆಂದು ತರಬೇತಿಯಲ್ಲಿ ಹೇಳಿದೆ. ನಿಜವಾಗಿ ಅವನು ಹಾಗೆಂದನೇ? ಅಥವಾ ಯಾರಾದರೂ ಎಚ್ಚರಿಸಿದ್ದರೆ ಚೆನ್ನಾಗಿತ್ತು ಎಂಬ ನನ್ನ ಆಸೆ ಆಮೇಲೆ ಅವನ ಬಾಯಿಗೆ ಆ ಮಾತು ಹಾಕಿತೇ? ಅವನನ್ನು ಕೇಳೋಣವೆಂದರೆ ಈಗ ಅವನಿಲ್ಲ. ನಾನು ಆಡಿದ ಮಾತು ಮಾತ್ರ ನನ್ನದೇ ದನಿಯಲ್ಲಿ ಕೇಳಿಸುತ್ತದೆ.

ಹೆಬ್ಬೆಟ್ಟು ಒತ್ತುವ ಮೊದಲು ಖಾಸಿಂಬಿ ಕಾಗದವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

"ನಮ್ಮ ಅಬ್ಬಾ ಹಂಗ ಬರದಾನೇನ್ರಿ?"

"ಹಾಗೇ ಬರೆದಿದ್ದಾರೆ, ಅಕ್ಕಾರ."

ಅವಳು ಮೂಡಲದ ಕಲ್ಲಿನ ಕಡೆ ಒಮ್ಮೆ ನೋಡಿ ಹೆಬ್ಬೆಟ್ಟು ಒತ್ತಿದಳು. ನಾವು ಕಲ್ಲು ನೆಟ್ಟು ಸಂಜೆಯ ಬಸ್ಸು ಹಿಡಿದೆವು.

ನನ್ನ ಲೆಕ್ಕದಲ್ಲಿ ಎರಡು ವರ್ಷದ ಮೇಲೆ, ಕುಷ್ಟಗಿ ತಾಲೂಕಿನಲ್ಲಿ ಒಂದು ಈದ್ಗಾದ ಜಾಗ ಅಳೆಯಲು ಹೋದೆ. ಮಸೂತಿಯ ಹಿರಿಯರೊಬ್ಬರು ಜಾಗದ ಮಾಹಿತಿ ಕೊಡಲು ನೆಲದ ಮೇಲೆ ಕೂತು ಕಡ್ಡಿಯಿಂದ ಮಣ್ಣಿನಲ್ಲಿ ಗೆರೆ ಎಳೆದರು. ಮೊದಲು ಎಳೆದದ್ದು ಮೇಲೊಂದು ಅರ್ಧ ವೃತ್ತ. ಆಮೇಲೆ ಅದರ ಕೆಳಗೆ ಚೌಕ.

"ಇದು ಸೂರ್ಯನಾ?" ಎಂದೆ. ನನ್ನ ದನಿ ಆಗಲೇ ಇಳಿದಿತ್ತು.

"ಸೂರ್ಯ ಎಲ್ಲಿಂದ ಬಂದ್ರಿ ಇದರಾಗ? ಮೆಹರಾಬ್ ಅದು. ಮಸೂತಿ ಪಡವಲ ಗ್ವಾಡ್ಯಾಗ ಕಮಾನ ಇರತೈತಲ್ಲ, ಮಕ್ಕಾ ಕಡೆ, ಅದು."

"ಪಡವಲವನ್ನು ಮೇಲೆ ಬರೆದಿರಲ್ಲ?"

ಅವರು ನನ್ನನ್ನು ಸಣ್ಣ ಮಗುವನ್ನು ನೋಡುವಂತೆ ನೋಡಿದರು. "ನಾ ಅತ್ತಾಗ ಮುಖ ಮಾಡಿ ಕುಂತೀನಲ್ರಿ. ಮುಂದಿಂದು ಮ್ಯಾಲೆ ಬರಿಯೋದೋ, ಬೆನ್ನ ಹಿಂದಿಂದೋ?"

ಆ ದಿನ ಹೇಗೆ ಅಳತೆ ಮುಗಿಸಿದೆನೋ ಗೊತ್ತಿಲ್ಲ. ಮರುದಿನ ಕುಲಕರ್ಣಿ ಸಾಹೇಬರ ಮುಂದೆ ನಿಂತು ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಯಾರರೆ ಅರ್ಜಿ ಕೊಟ್ಟಾರೇನು?"

"ಇಲ್ಲ ಸರ್."

"ಪಹಣಿ ಆಗೇತಿ?"

"ಇಬ್ಬರ ಹೆಸರಿಗೂ ಬೇರೆ ಬೇರೆ ಆಗಿದೆ."

"ಮತ್ತ ತಪ್ಪಾಗೇತಿ ಅನ್ನೋರು ಯಾರು?"

"ನಾನೇ, ಸರ್."

"ನೀ ಅರ್ಜಿದಾರ ಅಲ್ಲಪಾ. ಬಾಣ ಇಲ್ಲದ ಕಾಗದ ನೋಡಿ ಹೊಲ ಹಂಚಿದಿ. ಈಗ ಕಮಾನು ನೋಡಿ ನೌಕರಿ ಕಳಕೋಬ್ಯಾಡ. ಹೋಗು."

ಅವರನ್ನು ದೂರುವುದು ಸುಲಭ. ಆದರೆ ಅವರು ನನ್ನ ಬಾಯಿ ಕಟ್ಟಿರಲಿಲ್ಲ. ಖಾಸಿಂಬಿಯ ಮನೆಗೆ ಹೋಗಿ, 'ಅಕ್ಕಾರ, ಒಂದು ಅರ್ಜಿ ಕೊಡಿ' ಎಂದಿದ್ದರೆ ಸಾಕಿತ್ತು. ತಿದ್ದುಪಡಿಗೆ ದಾರಿಯಿತ್ತು. ಒಂದು ಭಾನುವಾರ ಹೊರಟೆ ಕೂಡ. ಬೈಕು ನಿಲ್ಲಿಸಿದಾಗ ಅವಳು ತನ್ನ ಹೊಲದಲ್ಲಿ ಕಲ್ಲು ಆರಿಸಿ ಬುಟ್ಟಿಗೆ ಹಾಕುತ್ತಿದ್ದಳು. ಆರಿಸಿದ ಕಲ್ಲು ಬದುವಿನುದ್ದಕ್ಕೂ ಮೊಣಕಾಲೆತ್ತರ ಬಿದ್ದಿತ್ತು. ನನ್ನ ಗುರುತು ಹಿಡಿದು ಕೂಗಿದಳು.

"ಬರ್ರಿ ಸಾಹೇಬ್ರ, ಬಿಸಿಲಾಗ ಬಂದೀರಿ. ನೀರ ಕುಡೀರಿ."

ನೀರು ಕುಡಿದೆ. "ಈ ಕಡೆ ಕೆಲಸವಿತ್ತು" ಎಂದೆ. ಹೊರಟು ಬಂದೆ. ನನ್ನ ವೃತ್ತಿಯಲ್ಲಿ ನಾನು ಮಾಡಿದ ಅತಿ ದೊಡ್ಡ ತಪ್ಪು ಕಮಾನನ್ನು ಸೂರ್ಯ ಎಂದು ಓದಿದ್ದಲ್ಲ, ಆ ನೀರು ಕುಡಿದು ಸುಮ್ಮನೆ ಎದ್ದು ಬಂದದ್ದು. ಮೊದಲನೆಯದನ್ನು ಗೊತ್ತಿಲ್ಲದೆ ಮಾಡಿದೆ, ಎರಡನೆಯದನ್ನು ಗೊತ್ತಿದ್ದೂ ಮಾಡಿದೆ.

ಆಮೇಲಿನ ವರ್ಷಗಳಲ್ಲಿ ನನಗೆ ನಾನೇ ಹೇಳಿಕೊಂಡ ಸಮಾಧಾನ ನನ್ನ ಓದಿಗೆ ತಕ್ಕದ್ದಾಗಿತ್ತು. ಕುಷ್ಟಗಿಯ ಹಿರಿಯರು ಕಮಾನು ಬರೆದರೆಂದು ಇಮಾಮಸಾಬರೂ ಕಮಾನನ್ನೇ ಬರೆದರು ಎನ್ನುವುದಕ್ಕೆ ಪುರಾವೆ ಏನು? ಸೂರ್ಯನೇ ಇದ್ದಿರಬಹುದು. ಬರೀ ಅಲಂಕಾರದ ಗೆರೆಯೂ ಇರಬಹುದು. ಎಲ್ಲವನ್ನೂ ಸಂಶಯಿಸುವವನಿಗೆ ಸುಮ್ಮನಿರಲು ಕಾರಣ ಬೇಗ ಸಿಗುತ್ತದೆ. ಸರಪಳಿ ಹೋಗಿ ಯಂತ್ರ ಬಂತು. ಯಂತ್ರ ಹೋಗಿ ಉಪಗ್ರಹ ಬಂತು. ಈಗ ಫೋನಿನ ನಕ್ಷೆ ನೀವು ತಿರುಗಿದ ಹಾಗೆ ತಾನೂ ತಿರುಗುತ್ತದೆ, ಪ್ರತಿಯೊಬ್ಬರಿಗೂ ತಾನು ನಡೆಯುವ ಕಡೆಯೇ ಮೇಲು. ಕಾಗದಕ್ಕೆ ಒಂದೇ ತಲೆ ಎಂಬ ಹಳೆಯ ಹಟ ಮುಗಿಯಿತು ಎಂದು ಸಂತೋಷಪಡಬೇಕಿತ್ತು. ಆದರೆ ಅದನ್ನು ನೋಡಿದಾಗೆಲ್ಲ ನನಗೆ ಬದುವಿನ ಮೇಲಿನ ಕಲ್ಲಿನ ಸಾಲು ನೆನಪಾಗುತ್ತಿತ್ತು.

ಯಲಬುರ್ಗಾದ ಹುಡುಗಿ ಕೇಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಮೊದಲು ಹಳೆಯ ಕಡತ ತೆಗೆಸಿ ನೋಡಿದೆ. ಅದರಲ್ಲಿ ಇದ್ದದ್ದು ನಾನು ಬರೆದ ಶುದ್ಧ ಪ್ರತಿ ಮಾತ್ರ. ಉತ್ತರ ಮೇಲೆ, ಬಾಣ ಚೊಕ್ಕಟ, ಕಮಾನು ಇಲ್ಲ. ಮೂಲ ಕಾಗದವನ್ನು ಮನೆಯವರಿಗೆ ವಾಪಸು ಕೊಟ್ಟಿದ್ದೆ. ಕನಕಗಿರಿಗೆ ಹೋಗಿ ರಾಜಾಸಾಬನನ್ನು ಕಂಡೆ. ಗಡ್ಡ ಬೆಳ್ಳಗಾಗಿತ್ತು. ನನ್ನ ಮಾತು ಕೇಳಿ ಅವನು ಹಿಡಿದಿದ್ದ ಚಕ್ರವನ್ನು ಕೆಳಗಿಟ್ಟ.

"ಆ ಕಾಗದ ಗೆದ್ದಲ ತಿಂತ್ರಿ. ನನ್ನ ಪಾಲಿನ ಹೊಲಾ ಮಾರಿ ಭಾಳ ದಿನಾತು, ಶ್ರೀರಾಮನಗರದವರು ತಗೊಂಡು ದಾಳಿಂಬ್ರಿ ಹಚ್ಯಾರ." ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡು, "ನೀವು ಸರಕಾರದವರು. ಸೂರ್ಯ ಅಂದ್ರಿ. ನಾನೂ ಸೂರ್ಯ ಅಂದೆ" ಎಂದ. ಅವನ ಮಾತಿನಲ್ಲಿ ಮೋಸವಿತ್ತೆಂದು ನನಗೆ ಅನ್ನಿಸಲಿಲ್ಲ. ಅನ್ನಿಸಿದ್ದನ್ನು ಎಷ್ಟು ನಂಬಬೇಕು ಎನ್ನುವುದು ಬೇರೆ ಮಾತು.

ಅಲ್ಲಿಂದ ಊರಿಗೆ ಹೋದೆ. ಮಧ್ಯಾಹ್ನ ಇಳಿದಿತ್ತು. ಖಾಸಿಂಬಿ ಹೊಲದಲ್ಲೇ ಇದ್ದಳು. ಸೊಂಟ ಬಾಗಿದೆ, ಕಣ್ಣು ಚುರುಕು. ಕಲ್ಲಿನ ಹೊಲ ಈಗ ಸಜ್ಜೆ ಬೆಳೆಯುವಷ್ಟು ಹದವಾಗಿತ್ತು. ಬದುವಿನ ಕಲ್ಲು ಎದೆಯೆತ್ತರ ಗೋಡೆಯಾಗಿತ್ತು. ಅದರ ನೆರಳಿನಲ್ಲಿ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ನೀರು ಕುಡಿದು ಹೋದ ದಿನದ್ದನ್ನೂ ಬಿಡಲಿಲ್ಲ.

ಅವಳು ಬೈಯಲಿಲ್ಲ. ಒಂದೇ ಮಾತು ಕೇಳಿದಳು.

"ಹಂಗಾದ್ರ ಅಬ್ಬಾ ನನಗ ಎರಿ ಹೊಲ ಕೊಟ್ಟಿದ್ದ ಅಂತೀರಿ?"

"ಹಾಗೆ ಕಾಣುತ್ತದೆ, ಅಕ್ಕಾರ."

"ಕಾಣತೈತಿ ಅಂದ್ರ? ಖರೇನೋ ಸುಳ್ಳೋ?"

ಕಾಗದವಿಲ್ಲ. ಕಮಾನೋ ಸೂರ್ಯನೋ ಎಂದು ಆಣೆ ಮಾಡಿ ಹೇಳಲಾರೆ. ಆಗ, ಅಷ್ಟು ವರ್ಷಗಳ ಮೇಲೆ, ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ ಬಾಯಿಗೆ ಬಂತು.

"ಅವರು ಆ ಕಾಗದ ಬರೆಯುವಾಗ ನೀವು ಹತ್ತಿರ ಇದ್ದಿರೇನು?"

"ಇದ್ದೆ. ಬಾಜೂಕ ಕುಂತಿದ್ದೆ."

"ಎಲ್ಲಿ ಕೂತು ಬರೆದರು?"

"ಇಲ್ಲೇ, ಇದ ಮೂಡಲ ಬದುವಿನ ಮ್ಯಾಲೆ. ಅಸರ್ ನಮಾಜ್ ಮಾಡಿ, ಚಾಪಿ ಮ್ಯಾಲಿಂದ ಏಳದನ ಬರದ. ಬಿಸಿಲು ಕಣ್ಣಿಗೆ ಬಡೀತೈತಿ ಅಂತ ಒಂದ ಕೈ ಹಿಂಗ ಅಡ್ಡ ಹಿಡದಿದ್ದ. ನಾ ಕಾಗದ ಹಾರದಂಗ ಹಿಡಕೊಂಡಿದ್ದೆ."

ಅಸರ್ ಎಂದರೆ ಇಳಿಹೊತ್ತಿನ ನಮಾಜು. ಆ ಹೊತ್ತಿನ ಬಿಸಿಲು ಕಣ್ಣಿಗೆ ಬಡಿಯಬೇಕೆಂದರೆ ಮುಖ ಪಡವಲಕ್ಕೇ ಇರಬೇಕು. ಅವರೆದುರಿಗೆ ಹೊಲ ಹಾಸಿತ್ತು, ಹತ್ತಿರ ಕಲ್ಲು, ಆಚೆ ಎರೆ. ಕಾಗದದ ಕೆಳಗೆ ಮಗನ ಹೆಸರು, ಮೇಲೆ ಮಗಳ ಹೆಸರು. ಆ ಗೆರೆ ಕಮಾನಾಗಿರಲಿ, ಸೂರ್ಯನೇ ಆಗಿರಲಿ, ಎರಡೂ ಪಡವಲವೇ. ಕಾಗದದ ಮೇಲೆ ಅರ್ಧ ಸೂರ್ಯ ಕಂಡರೆ ಅದು ಹುಟ್ಟುವ ಸೂರ್ಯನೇ ಎಂದು ಯಾರು ಹೇಳಿದ್ದರು? ಮುಳುಗುವವನೂ ಅರ್ಧವೇ ಇರುತ್ತಾನೆ. ರೂಢಿಯನ್ನು ಬಯಲು ಮಾಡುವ ವಿದ್ಯೆ ಕಲಿತವನು ನಾನು, ನನ್ನ ಕಣ್ಣೊಳಗಿನ ರೂಢಿ ನನಗೆ ಕಂಡಿರಲಿಲ್ಲ.

"ಅವತ್ತೇ ಇದನ್ನ ಯಾಕೆ ಹೇಳಲಿಲ್ಲ, ಅಕ್ಕಾರ?"

"ಯಾರು ಕೇಳಿದ್ರು?" ಎಂದಳು. "ಐದಾರ ಮಂದಿ ಗಂಡಸರು ನಿಂತಿದ್ರಿ. ಓದಿದವರು ನೀವು ಸೂರ್ಯ ಅಂದ್ರಿ. ನನಗೇನ ಗೊತ್ತು, ಅವನ ಮುಖ ಯಾವ ಕಡೆ ಇತ್ತು ಅನ್ನೋದು ಬೇಕಾಗಿತ್ತಂತ?"

"ಖರೆ, ಅಕ್ಕಾರ" ಎಂದೆ. "ಅಬ್ಬಾ ನಿಮಗೆ ಎರೆ ಹೊಲವನ್ನೇ ಕೊಟ್ಟಿದ್ದರು. ಖರೆ."

ನನ್ನ ಬಾಯಿಂದ 'ಇರಬಹುದು' ಎಂಬ ಬಾಲವಿಲ್ಲದೆ ಹೊರಟ ಮಾತುಗಳು ಕಡಿಮೆ. ಇದೊಂದು. ಅದೂ ನನ್ನ ನೆನಪಿನ ಬಲದಿಂದಲ್ಲ, ಅವಳ ನೆನಪಿನ ಬಲದಿಂದ.

"ಬರದ ಕೊಡ್ರಿ ಹಂಗಂತ."

"ಬರೆದು ಕೊಟ್ಟರೂ ಹೊಲ ತಿರುಗಿ ಬರುವುದಿಲ್ಲ. ಮಾರಿ ಎಷ್ಟೋ ದಿನವಾಗಿದೆ."

"ಹೊಲಾ ಯಾರ ಕೇಳಿದ್ರು ನಿಮ್ಮನ್ನ? ಇದ್ದೊಬ್ಬ ಮಗಳಿಗೆ ಕಲ್ಲು ಕೊಟ್ಟು ಸತ್ತ ಅಂತ, ಇವತ್ತಿನ ತನಕ ಅವನ ಆತ್ಮಕ್ಕ ಶಾಂತಿ ಸಿಗಲಿ ಅಂತ ಒಂದ ಫಾತೇಹಾ ಓದಿಸಿಲ್ಲ ನಾ. ಇಷ್ಟು ವರ್ಸ. ದಿನಾ ಒಂದೊಂದ ಕಲ್ಲು ಎತ್ತುವಾಗ ಅವಂಗ ಬೈದೀನಿ." ಗೋಡೆಯ ಕಲ್ಲೊಂದರ ಮೇಲೆ ಅಂಗೈ ಊರಿದಳು. "ಅದನ್ನ ಯಾವ ಕಚೇರ್ಯಾಗ ತಿದ್ದತಾರ್ರಿ?"

ಚೀಲದಿಂದ ಕಾಗದ ತೆಗೆದೆ. ಚೌಕ ಬರೆದೆ, ಅಡ್ಡಗೆರೆ ಎಳೆದೆ. ಮೇಲೆ ಖಾಸಿಂಬಿ, ಕೆಳಗೆ ರಾಜಾಸಾಬ ಎಂದು ಬರೆದೆ. ನೆತ್ತಿಯ ಮೇಲೆ ಕಮಾನು. ಉತ್ತರದ ಬಾಣ ಹಾಕಲು ಕೈ ತಾನಾಗಿ ಮೂಲೆಗೆ ಹೋಯಿತು, ತಡೆದೆ. ಕೆಳಗೆ, 'ತಂದೆ ಇಮಾಮಸಾಬರು ಮಗಳಿಗೆ ಎರೆ ಹೊಲ ಕೊಟ್ಟಿದ್ದರು. ತಪ್ಪು ಓದಿದವನು ನಾನು' ಎಂದು ಬರೆದು ಸಹಿ ಮಾಡಿದೆ.

ಅವಳು ಕಾಗದ ತೆಗೆದುಕೊಂಡು ಬದುವಿನ ಮೇಲೆ ಹೋಗಿ ಕೂತಳು. ಮೊದಲು ಅಡ್ಡ ಹಿಡಿದಿದ್ದಳು. ಆಮೇಲೆ ಕಮಾನು ಮುಂದಕ್ಕೆ ಬರುವಂತೆ ತಿರುಗಿಸಿ ತೊಡೆಯ ಮೇಲೆ ಇಟ್ಟುಕೊಂಡಳು. ಎದುರಿಗೆ ಅವಳ ಸಜ್ಜೆ, ಅದರಾಚೆ ಬೇರೆಯವರ ದಾಳಿಂಬೆ, ಅದರ ಮೇಲೆ ಇಳಿಯುತ್ತಿದ್ದ ಸೂರ್ಯ. ಬಿಸಿಲು ಕಣ್ಣಿಗೆ ಬಡಿಯಿತು. ಒಂದು ಕೈ ಎತ್ತಿ ಅಡ್ಡ ಹಿಡಿದಳು.

"ಹಿಂಗ" ಎಂದಳು. "ಹಿಂಗ ಕುಂತಿದ್ದ ನೋಡ್ರಿ."